ಪಟ್ಟಿಯ ಕೆಳಗಿನ ನೆರಳು

ಕುಮಟಾ, ೧೨-೧೧-೧೯೫೯

ಕಾಯ್ಕಿಣಿ ಶಾಲೆಯ ನಾಗಪತಿ ಮಾಸ್ತರರಿಗೆ, ಕುಮಟೆಯ ರಮಾಕಾಂತನ ನಮಸ್ಕಾರ.

ನಾವು ಒಬ್ಬರನ್ನೊಬ್ಬರು ಕಂಡವರಲ್ಲ. ಹೋದ ವಾರದ ಪತ್ರಿಕೆಯಲ್ಲಿ ವಾಚಕರು ತೆಗೆದ ಚಿತ್ರಗಳ ಪುಟ ಇತ್ತಲ್ಲ, ಅದರಲ್ಲಿ ನಿಮ್ಮ ಹೆಸರು, ಊರು ನೋಡಿ ಬರೆಯುತ್ತಿದ್ದೇನೆ. ಒಣಮೀನಿನ ಚಾಪೆಯ ಅಂಚಿಗೆ ಕೂತು, ಕದಿಯಲೋ ಬೇಡವೋ ಎಂದು ಯೋಚನೆಗೆ ಬಿದ್ದ ಆ ಕಾಗೆ ಬಹಳ ಚೆನ್ನಾಗಿದೆ. ಆದರೆ ಸಿಟ್ಟು ಮಾಡಿಕೊಳ್ಳಬೇಡಿ, ಆ ಫಿಲ್ಮು ತೊಳೆದು ಪ್ರಿಂಟು ಹಾಕಿದವನು ಯಾರೋ, ಅವನಿಗೆ ಸ್ವಲ್ಪವೂ ಬುದ್ಧಿಯಿಲ್ಲ. ಕಾಗೆಯ ಕಣ್ಣೆಲ್ಲಿ? ಇಡೀ ಹಕ್ಕಿ ಮಸಿಯ ಉಂಡೆಯಾಗಿದೆ. ನೆಗೆಟಿವಿನಲ್ಲಿ ಕಣ್ಣು ಇದ್ದೇ ಇರುತ್ತದೆ ಎಂದು ನನ್ನ ನಂಬಿಕೆ.

ನಾನು ಇಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತ. ಫಿಲ್ಮು ತೊಳೆಯುವುದು, ಪ್ರಿಂಟು ಹಾಕುವುದು ನನ್ನ ಹುಚ್ಚು. ಭಾನುವಾರ ಮಧ್ಯಾಹ್ನ ಬಚ್ಚಲುಮನೆಯ ಬಾಗಿಲ ಸಂದಿಗೆ ಗೋಣಿ ತುರುಕಿ, ಕೆಂಪು ಗಾಜಿನ ಲಾಟೀನು ಇಟ್ಟುಕೊಂಡು ಕೂರುತ್ತೇನೆ. ಮನೆಯವಳು ಹೊರಗಿನಿಂದ ಬಾಗಿಲು ಬಡಿದು, "ನಮ್ಗೂ ಮೈ ತೊಳ್ಕಂಬ್ಕೆ ಬಿಡ್ತ್ರೋ ಇಲ್ಲೋ?" ಎಂದು ಕೂಗುತ್ತಾಳೆ. ಆ ನೆಗೆಟಿವನ್ನು ನನಗೆ ಕಳಿಸುತ್ತೀರಾ? ಕಾಗೆಯ ಕಣ್ಣು ತೋರಿಸಿಕೊಡುತ್ತೇನೆ. ನನಗೆ ಏನೂ ಕೊಡಬೇಡಿ, ಕುತೂಹಲ ಅಷ್ಟೇ.

ರಮಾಕಾಂತ


ಕಾಯ್ಕಿಣಿ, ೨೦-೧೧-೧೯೫೯

ರಮಾಕಾಂತರಿಗೆ ನಾಗಪತಿಯ ವಂದನೆಗಳು.

ಆ ಬುದ್ಧಿಯಿಲ್ಲದವನು ನಾನೇ. ಅಡುಗೆಮನೆಯ ಪರಾತದಲ್ಲಿ ತೊಳೆದದ್ದು. ಆ ಮೇಲೆ ನನ್ನ ಹೆಂಡತಿ ದೇವಿ ಆ ಪರಾತವನ್ನು ಮೂರು ಸಲ ಹುಣಸೆಹಣ್ಣು ಹಾಕಿ ತಿಕ್ಕಿ, ಕೊನೆಗೆ ದನಕ್ಕೆ ಅಕ್ಕಚ್ಚು ಕೊಡಲು ಇಟ್ಟುಕೊಂಡಳು. ನಿಮ್ಮ ಕಾಗದ ಓದಿ ಹೇಳಿದಾಗ, "ಇದೆಂತ ಮನುಷ್ಯರು ಮಾರಾಯ್ರೆ, ಗುರ್ತಿಲ್ಲ ಪರಿಚಯ ಇಲ್ಲ, ಕಾಗೆ ಕಣ್ಣು ಕೇಳ್ತ್ರಲ್ಲ!" ಎಂದು ಬಿದ್ದು ಬಿದ್ದು ನಕ್ಕಳು.

ನೆಗೆಟಿವ್ ಕಳಿಸಿದ್ದೇನೆ. ಅದರ ಜೊತೆ ತೊಳೆಯದ ಒಂದು ರೋಲೂ ಇದೆ. ಎಂಟು ಚಿತ್ರ. ನನ್ನದು ಡಬ್ಬಿ ಕ್ಯಾಮೆರಾ, ಸೂರ್ಯ ಬೆನ್ನಿಗಿದ್ದರೆ ಮಾತ್ರ ಕೆಲಸ ಮಾಡುವಂಥದ್ದು. ನಾನು ಆರಡಿ ಮನುಷ್ಯ. ಅದನ್ನು ಎದೆಗೆ ಒತ್ತಿ ಹಿಡಿದು, ಬಗ್ಗಿ ನೋಡಿ, ಉಸಿರು ಕಟ್ಟಿ ಗುಂಡಿ ಒತ್ತುವುದನ್ನು ನೋಡಿದರೆ ಊರವರಿಗೆ ತಮಾಷೆ. ಫೋಟೋ ತೆಗೆಯುವ ಹುಚ್ಚು ಈ ಸುತ್ತಿನಲ್ಲಿ ನನಗೊಬ್ಬನಿಗೇ ಎಂದುಕೊಂಡಿದ್ದೆ. ಹೊಳೆಯಾಚೆ ಇನ್ನೊಬ್ಬರಿದ್ದೀರಿ ಎಂದು ತಿಳಿದು ಬಹಳ ಖುಷಿಯಾಯಿತು.

ನಾಗಪತಿ


ಕುಮಟಾ, ೭-೧೨-೧೯೫೯

ಮಾಸ್ತರೇ,

ಕಣ್ಣು ಸಿಕ್ಕಿತು! ಹನ್ನೊಂದು ಸಲ ಪ್ರಿಂಟು ಹಾಕಿದೆ. ಹನ್ನೊಂದನೆಯದರಲ್ಲಿ ಕಾಗೆ ನನ್ನನ್ನೇ ನೋಡಿತು. ಇದರೊಳಗೆ ಇಟ್ಟಿದ್ದೇನೆ, ಅತ್ತಿಗೆಗೂ ತೋರಿಸಿ.

ರೋಲಿನ ಎಂಟೂ ಬಂದಿವೆ. ನಿಮ್ಮ ಮನೆಯ ಬಾವಿಕಟ್ಟೆ ಎಷ್ಟು ಚೆಂದ ಬಂದಿದೆ ಎಂದರೆ, ಅದರ ಒಡೆದ ಮೂಲೆಯ ಕಲ್ಲಿನಲ್ಲಿ ಬೆಳೆದ ಹುಲ್ಲನ್ನು ಭೂತಗನ್ನಡಿ ಹಿಡಿದು ಎಣಿಸಿದೆ. ಏಳನೆಯದರಲ್ಲಿ ಬಾಗಿಲ ಮರೆಗೆ ಅರ್ಧ ಮುಖ ಮಾತ್ರ ಕಾಣುವವರು ಅತ್ತಿಗೆಯೇ? ಇನ್ನರ್ಧ ಯಾವಾಗ ಕಳಿಸುತ್ತೀರಿ?

ಒಂದು ತಕರಾರಿದೆ. ನಾಲ್ಕನೆಯ ಚಿತ್ರದ ಬುಡದಲ್ಲಿ ನಿಮ್ಮ ನೆರಳು ಉದ್ದಕ್ಕೆ ಮಲಗಿದೆ. ಸೂರ್ಯನಿಗೆ ಬೆನ್ನು ಕೊಡಬೇಕು ನಿಜ, ಆದರೆ ನೆರಳು ಚಿತ್ರದೊಳಗೆ ಬೀಳದ ಹಾಗೆ ಸ್ವಲ್ಪ ಮಗ್ಗುಲಿಗೆ ಸರಿಯಬೇಕು. ಪ್ರಿಂಟು ಹಾಕುವಾಗ ನಾನು ಅಲ್ಲಿ ಕಪ್ಪು ಕಾಗದದ ಪಟ್ಟಿ ಇಟ್ಟು ಮುಚ್ಚಿ, ಆಮೇಲೆ ಆ ಅಂಚು ಕತ್ತರಿಸಿಬಿಟ್ಟೆ. ಚಿತ್ರದಲ್ಲಿ ತೆಗೆದವನ ನೆರಳು ಕಂಡರೆ ನನಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಜನವರಿಯ ಎರಡನೇ ಭಾನುವಾರ ಹೊನ್ನಾವರದಲ್ಲಿ ಸಿಗೋಣವೇ? ನಾನು ಇತ್ತಲಿಂದ ಬಸ್ಸಿನಲ್ಲಿ ಬರುತ್ತೇನೆ, ನೀವು ಅತ್ತಲಿಂದ ಬಂದು ಲಾಂಚಿನಲ್ಲಿ ಹೊಳೆ ದಾಟಿ. ಧಕ್ಕೆಯ ಮೇಲೆ ಕಾಯುತ್ತೇನೆ. ಇನ್ನು ಈ 'ನೀವು ನೀವು' ಸಾಕು ಎಂದು ಕಾಣುತ್ತದೆ.

ರಮಾಕಾಂತ


ಕಾಯ್ಕಿಣಿ, ೧೬-೧-೧೯೬೦

ರಮಾಕಾಂತ,

ತಪ್ಪಾಯಿತು ಮಾರಾಯ. ಧಕ್ಕೆಯ ಮೇಲೆ ನಾಲ್ಕು ಲಾಂಚು ಬಂದು ಹೋಗುವ ತನಕ ಕಾದೆ ಎಂದು ಬರೆದಿದ್ದೀಯ, ಓದಿ ಸಂಕಟವಾಯಿತು. ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಹಠಾತ್ತನೆ ಸುದ್ದಿ ಬಂತು. ಭಾನುವಾರವಾದರೂ ಹಾಜರಿ ಪುಸ್ತಕ ಸರಿಮಾಡುತ್ತ ಕೂರಬೇಕಾಯಿತು. ಇನ್ನೊಮ್ಮೆ ಖಂಡಿತ ಸಿಗೋಣ.

ದೇವಿ ಒಂದು ಪ್ರಶ್ನೆ ಕೇಳುತ್ತಿದ್ದಾಳೆ. "ಅವ್ರು ಬೇರೆಯೋರ ಫಿಲ್ಮೆಲ್ಲ ತೊಳೀತ್ರು, ತಾವು ಒಂದೂ ಫೋಟೋ ತೆಗೀತ್ರಿಲ್ಲ, ಎಂತಕ್ಕೆ?" ಎಂದು. ನನಗೂ ಅದೇ ಕುತೂಹಲ. ಇಷ್ಟು ತಿಳಿದವನ ಹತ್ತಿರ ಕ್ಯಾಮೆರಾ ಇಲ್ಲ ಎಂದರೆ ನಂಬುವುದು ಹೇಗೆ?

ನಾಗಪತಿ


ಕುಮಟಾ, ೯-೨-೧೯೬೦

ನಾಗಪತಿ,

ಅತ್ತಿಗೆಯ ಪ್ರಶ್ನೆಗೆ ಉತ್ತರ ಬರೆಯಲು ಮೂರು ವಾರ ಬೇಕಾಯಿತು.

ಕ್ಯಾಮೆರಾ ಇದ್ದದ್ದು ನನ್ನ ಅಣ್ಣ ವಿಘ್ನೇಶ್ವರನ ಹತ್ತಿರ. ಮಡಚುವ ಕ್ಯಾಮೆರಾ, ಮುಂಬಯಿಯಿಂದ ತಂದದ್ದು. ಫಿಲ್ಮು ತೊಳೆಯುವುದನ್ನು ನನಗೆ ಕಲಿಸಿದವನೂ ಅವನೇ. ನನಗೆ ಹತ್ತೊಂಬತ್ತಾದ ವರ್ಷ ಅವನಿಗೆ ಕ್ಷಯ ಬಂತು. ಹಿಂದಿನ ಕೋಣೆಯಲ್ಲಿ ನಾಲ್ಕು ತಿಂಗಳು ಇದ್ದು ಹೋದ. ಹೋದ ಮಾರನೆಯ ದಿನ ಅಪ್ಪ ಅವನ ಹಾಸಿಗೆ, ಅಂಗಿ, ಪುಸ್ತಕಗಳ ಜೊತೆಗೆ ಕ್ಯಾಮೆರಾವನ್ನೂ ಹಿತ್ತಿಲಲ್ಲಿ ಬೆಂಕಿಗೆ ಹಾಕಿದರು. ಅದರ ಚರ್ಮ ಸುಟ್ಟ ವಾಸನೆ ಈಗಲೂ ಮೂಗಿನಲ್ಲಿದೆ. ಅವನು ತೆಗೆದ ಚಿತ್ರಗಳನ್ನೂ ಸುಟ್ಟರು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಕೈಯಾರೆ ಎತ್ತಿ ಕೊಡಲು ನನಗೇ ಹೆದರಿಕೆಯಾಗಿತ್ತು, ಬಿದಿರ ಕೋಲಿನಿಂದ ದೂಡಿದೆ.

ಈಗಲೂ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ನಾನು ಎದ್ದು ಬೇರೆ ಕಡೆ ಕೂರುತ್ತೇನೆ. ಎಂತ ಮಾಡಲಿ, ಹಾಗೇ ಆಗಿಬಿಟ್ಟಿದೆ. ಕ್ಯಾಮೆರಾ ಮುಟ್ಟಲು ಮನಸ್ಸಾಗುವುದಿಲ್ಲ. ನೀನು ತೆಗೆ, ನಾನು ತೊಳೆಯುತ್ತೇನೆ. ಹೊಸ ರೋಲು ಯಾವಾಗ?

ರಮಾಕಾಂತ


ಕಾಯ್ಕಿಣಿ, ೧೮-೧೦-೧೯೬೦

ರಮಾಕಾಂತ,

ನಿನ್ನ ಐದು ಕಾಗದಗಳಿಗೆ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಈ ಬೇಸಿಗೆಯಲ್ಲಿ ಮಂಗಳೂರಿಗೆ ಹೋಗಬೇಕಾಯಿತು, ಬಂದ ಮೇಲೆ ಮಳೆ ಹಿಡಿಯಿತು. ಶಾಲೆಗೆ ದೀರ್ಘ ರಜೆ ಹಾಕಿದ್ದೇನೆ. ಮನೆಯಲ್ಲಿ ಸ್ವಲ್ಪ ಕೆಲಸ ಉಂಟು.

ಅಣ್ಣನ ವಿಷಯ ಓದಿದೆ. ನಾಲ್ಕೈದು ಸಲ ಬರೆಯಲು ಕೂತೆ.

ಮಳೆ ಬಿಟ್ಟ ಮೇಲಿನ ಮೊದಲ ರೋಲು ಕಳಿಸುತ್ತಿದ್ದೇನೆ. ಎಲ್ಲವನ್ನೂ ಪ್ರಿಂಟು ಹಾಕು, ಹಾಳಾದದ್ದನ್ನೂ ಬಿಡಬೇಡ. ಆದಷ್ಟು ಬೇಗ ಕಳಿಸು. ಯಾಕೋ ಈ ಸಲ ನೋಡುವ ಆಸೆ ಜಾಸ್ತಿಯಾಗಿದೆ.

ನಾಗಪತಿ


ಕುಮಟಾ, ೬-೧೧-೧೯೬೦

ನಾಗಪತಿ,

ಒಂಬತ್ತು ತಿಂಗಳ ಮೇಲೆ ನಿನ್ನ ಅಕ್ಷರ ನೋಡಿದೆ. ಮಂಗಳೂರಿಗೆ ಯಾಕೆ ಹೋಗಿದ್ದೆ? ಮನೆಯಲ್ಲಿ ಎಂಥ ಕೆಲಸ? ಕಾಗದದಲ್ಲಿ ಒಂದು ಸಾಲು ಹೆಚ್ಚು ಬರೆದರೆ ಟಪಾಲಿನವರು ಬೇಡ ಎನ್ನುತ್ತಾರೆಯೇ?

ಚಿತ್ರಗಳ ವಿಷಯ. ನನಗೆ ಸಂಶಯಗಳ ಮೇಲೆ ಸಂಶಯ. ನೀನು ಈಗ ಕೂತುಕೊಂಡು ಫೋಟೋ ತೆಗೆಯುತ್ತೀಯಾ? ಹಿಂದಿನ ರೋಲಿನಲ್ಲಿ ನಿನ್ನ ಕ್ಯಾಮೆರಾ ಜನರ ನೆತ್ತಿ ನೋಡುತ್ತಿತ್ತು. ಈಗ ಸೊಂಟದ ಎತ್ತರದಿಂದ ನೋಡುತ್ತಿದೆ. ಬಾವಿಕಟ್ಟೆ ಎತ್ತರವಾಗಿಬಿಟ್ಟಿದೆ! ದಿಗಂತ ಒಂದು ಕಡೆ ವಾಲಿದೆ, ಎರಡರಲ್ಲಿ ತಲೆ ಕತ್ತರಿಸಿ ಹೋಗಿದೆ, ಹೊಸಬನ ಹಾಗೆ. ಆದರೆ ಮಾರಾಯ, ಜನ! ಮೀನಿನ ಬುಟ್ಟಿ ಇಳಿಸುತ್ತಿರುವ ಆ ಹೆಂಗಸು ಕ್ಯಾಮೆರಾವನ್ನು ನೋಡಿ ಹಲ್ಲು ಬಿಟ್ಟು ನಗುತ್ತಿದ್ದಾಳಲ್ಲ, ಅಂಥ ನಗು ನಿನ್ನ ಹಳೆಯ ಚಿತ್ರಗಳಲ್ಲಿ ಒಂದೂ ಇರಲಿಲ್ಲ. ಮೊದಲೆಲ್ಲ ಎಲ್ಲರೂ ಪೊಲೀಸ್ ಠಾಣೆಯಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದರು. ಏನು ಮಂತ್ರ ಹಾಕಿದೆ?

ನೆರಳು ಮಾತ್ರ ಎಂಟರಲ್ಲಿ ಆರಕ್ಕೆ ಬಿದ್ದಿದೆ. ಅಷ್ಟು ಹೇಳಿದ್ದೆ, ಮರೆತೆಯಾ? ಎಲ್ಲಕ್ಕೂ ಪಟ್ಟಿ ಇಟ್ಟು ಮುಚ್ಚಿ, ಕತ್ತರಿಸಿದ್ದೇನೆ.

ರಮಾಕಾಂತ


ಕಾಯ್ಕಿಣಿ, ೧೫-೧೨-೧೯೬೦

ರಮಾಕಾಂತ,

ಬುಟ್ಟಿಯವಳು ಮಾಸ್ತಮ್ಮ. ನಮ್ಮ ಮನೆಗೆ ದಿನಾ ಬರುತ್ತಿದ್ದವಳು, ಈಗ ಅಂಗಳದ ಬೇಲಿಯ ದಣಪೆಯ ಹೊರಗೇ ನಿಂತು ಮೀನು ಕೊಟ್ಟು ಹೋಗುತ್ತಾಳೆ. ಅವಳ ನಗುವನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ನೀನು ಕಳಿಸಿದ ಎಂಟನ್ನೂ ಗೋಡೆಗೆ ಅಂಟಿಸಿದ್ದೇನೆ.

ಮಂತ್ರ ಗಿಂತ್ರ ಇಲ್ಲ. ನಗುವವರು ನಗುತ್ತಾರೆ. ಇನ್ನೊಂದು ರೋಲು ಇದರ ಜೊತೆಗಿದೆ. ನೆರಳಿನ ವಿಷಯ ಹೇಳಿದ್ದೇನೆ, ಎಂದರೆ ನೆನಪಿಟ್ಟುಕೊಂಡಿದ್ದೇನೆ.

ಬೇಗ ಕಳಿಸು ಎಂದು ಮತ್ತೆ ಹೇಳಬೇಕಾಗಿಲ್ಲವಲ್ಲ?

ನಾಗಪತಿ


ಕುಮಟಾ, ೮-೧-೧೯೬೧

ನಾಗಪತಿ ಮಾಸ್ತರರಿಗೆ,

ಈ ಕಾಗದ ಬರೆಯಲು ನನಗೆ ಇಷ್ಟವಿಲ್ಲ. ಆದರೂ ಸುಮ್ಮನಿರಲು ಆಗುವುದಿಲ್ಲ.

ಎಂಟೂ ಪ್ರಿಂಟುಗಳನ್ನು ಕಳಿಸಿದ್ದೇನೆ. ಹಿತ್ತಿಲ ಮೆಟ್ಟಿಲ ಮೇಲೆ ತಲೆಗೂದಲು ಬಿಚ್ಚಿ ಹರವಿಕೊಂಡು ಕೂತ ಹೆಂಗಸು, ಮಂಡಿಯ ತನಕ ಸೀರೆ ಎತ್ತಿ ಕಟ್ಟಿ ಬಟ್ಟೆ ಒಗೆಯುತ್ತಿರುವ ಇಬ್ಬರು, ಬಾಣಂತಿ ಕೋಣೆಯ ಬಾಗಿಲಲ್ಲಿ ಮಗುವನ್ನು ಎತ್ತಿ ತೋರಿಸುತ್ತಿರುವವಳು. ಇವೆಲ್ಲ ಗಂಡಸರು ಹೋಗುವ ಜಾಗವಲ್ಲ. ನಿಮ್ಮ ಕಡೆ ರೀತಿ ಬೇರೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಾಯ್ಕಿಣಿಗೂ ಕುಮಟೆಗೂ ನಡುವೆ ಒಂದು ಹೊಳೆ ಮಾತ್ರ ಇದೆ, ಸಮುದ್ರ ಇಲ್ಲ. ಅವರೆಲ್ಲ ನಿಮ್ಮನ್ನು ನೋಡಿ ಹಾಗೆ ನಗುವಷ್ಟು ಸಲಿಗೆ ಹೇಗೆ ಬಂತು? ಈಚಿನ ಎರಡು ರೋಲುಗಳಲ್ಲಿ ನಿಮ್ಮ ಮನೆಯವರು ಎಲ್ಲೂ ಕಾಣುವುದಿಲ್ಲ. ಅವರು ತವರಿಗೆ ಹೋಗಿ ಬಹಳ ದಿನವಾಗಿರಬೇಕು. ಶಾಲೆಗೆ ರಜೆ, ಮನೆಯಲ್ಲಿ 'ಕೆಲಸ', ಒಂಬತ್ತು ತಿಂಗಳು ಕಾಗದವಿಲ್ಲ. ಎಲ್ಲ ಕೂಡಿಸಿ ನೋಡಿದರೆ ನನಗೆ ತೋರುವುದು ಒಂದೇ.

ನೀವು ಮಾಸ್ತರರು. ನಿಮಗೆ ಬುದ್ಧಿ ಹೇಳುವವನು ನಾನಲ್ಲ. ನಾನು ಹೇಳಿದ್ದು ತಪ್ಪಾಗಿದ್ದರೆ ಒಂದು ಸಾಲು ಬರೆಯಿರಿ, ನೂರು ಸಲ ಕ್ಷಮೆ ಕೇಳುತ್ತೇನೆ. ತಪ್ಪಲ್ಲದಿದ್ದರೆ ಇಂಥ ರೋಲುಗಳನ್ನು ನನಗೆ ಕಳಿಸಬೇಡಿ.

ರಮಾಕಾಂತ


(ಕಾರ್ಡು) ಕಾಯ್ಕಿಣಿ, ೨೦-೧-೧೯೬೧

ನೀನು ಹೇಳಿದ್ದು ಸರಿ. ಇನ್ನು ಕಳಿಸುವುದಿಲ್ಲ. ಇಷ್ಟು ದಿನ ತೊಳೆದುಕೊಟ್ಟದ್ದಕ್ಕೆ ಉಪಕಾರ.

ನಾಗಪತಿ


ಕುಮಟಾ, ೫-೪-೧೯೬೧

ನಾಗಪತಿ,

ಈ ಕಾಗದವನ್ನು ಹರಿದು ಹಾಕಬೇಡ, ಪೂರ್ತಿ ಓದು.

ನಿನ್ನ ಕಾರ್ಡು ಬಂದ ಮೇಲೆ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಜಗಳವಾಡದೆ ಒಪ್ಪಿಕೊಳ್ಳುವವನೇ ನೀನು? ಎರಡು ತಿಂಗಳು ಒಳಗೊಳಗೇ ಕುದಿದೆ. ಕೊನೆಗೆ, ಇವನ ಸಾಮಾನು ಇವನಿಗೇ ಹೋಗಲಿ ಎಂದು ಮೊನ್ನೆ ಭಾನುವಾರ ನಿನ್ನ ನೆಗೆಟಿವುಗಳನ್ನೆಲ್ಲ ತೆಗೆದು, ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿ, ಕಾಗದದಲ್ಲಿ ಸುತ್ತುತ್ತ ಕೂತೆ.

ನೆಗೆಟಿವಿನಲ್ಲಿ ನೆರಳು ಬೆಳ್ಳಗೆ ಕಾಣುತ್ತದೆ, ನಿನಗೆ ಗೊತ್ತು. ಮಾಸ್ತಮ್ಮನ ಬುಟ್ಟಿಯ ಮುಂದೆ ಬೆಳ್ಳಗೆ ಬಿದ್ದಿದ್ದ ಆ ನೆರಳನ್ನು ನಾನು ಮೊದಲ ಸಲ ನೋಡಿದೆ. ಅದಕ್ಕೆ ತುರುಬು ಇತ್ತು! ಹೆಗಲಿನಿಂದ ಗಾಳಿಗೆ ಹಾರಿದ ಸೆರಗೂ ಇತ್ತು. ಈಚಿನ ಎರಡು ರೋಲುಗಳ ಹದಿನಾರು ನೆಗೆಟಿವುಗಳನ್ನೂ ಕಿಟಕಿಗೆ ಹಿಡಿದೆ. ಹನ್ನೊಂದರಲ್ಲಿ ಅದೇ ತುರುಬು. ಇಷ್ಟು ದಿನ ಅದರ ಮೇಲೆ ಪಟ್ಟಿ ಇಟ್ಟು ಮುಚ್ಚಿದವನು ನಾನು, ಕತ್ತರಿಸಿ ಬಿಸಾಡಿದವನೂ ನಾನೇ. ತಪ್ಪು ಎಂದು ಕಂಡದ್ದನ್ನು ಅಳಿಸುವ ಅವಸರದಲ್ಲಿ ಅದು ಏನೆಂದು ನೋಡಲೇ ಇಲ್ಲ. ನನಗೆ ಬುದ್ಧಿಯಿಲ್ಲ ಮಾರಾಯ, ಸ್ವಲ್ಪವೂ ಇಲ್ಲ.

ಫೋಟೋ ತೆಗೆದದ್ದು ದೇವಿ ಅತ್ತಿಗೆ. ಹೆಂಗಸರು ನಕ್ಕದ್ದು ಅವರನ್ನು ನೋಡಿ. ಅತ್ತಿಗೆಯ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ ಎಂದು ಹೇಳು. ಪಟ್ಟಿ ಇಡದೆ, ನೆರಳು ಸಮೇತ ಎಲ್ಲವನ್ನೂ ಹೊಸದಾಗಿ ಪ್ರಿಂಟು ಹಾಕಿ ಕಳಿಸಿದ್ದೇನೆ.

ಈಗ ನನಗೆ ತಿಳಿಯಬೇಕಾದದ್ದು ಒಂದೇ. ನೀನೆಲ್ಲಿ? ಈ ಹದಿನಾರು ಚಿತ್ರಗಳಲ್ಲಿ ಕ್ಯಾಮೆರಾದ ಮುಂದೆಯೂ ನೀನಿಲ್ಲ, ಹಿಂದೆಯೂ ಇಲ್ಲ. ಇಂಥ ಮಾತು ಕೇಳಿಸಿಕೊಂಡೂ 'ತೆಗೆದವಳು ನನ್ನ ಹೆಂಡತಿ' ಎಂದು ನಾಲ್ಕು ಅಕ್ಷರ ಬರೆಯದಷ್ಟು ದೊಡ್ಡ ಸಂಗತಿ ಎಂಥದ್ದು?

ರಮಾಕಾಂತ


ಕಾಯ್ಕಿಣಿ, ೧೭-೪-೧೯೬೧

ರಮಾಕಾಂತ,

ಈ ಕಾಗದವನ್ನು ಇಡೀ ದಿನ ಬಿಸಿಲಿನಲ್ಲಿ ಇಟ್ಟು ಆಮೇಲೆ ಟಪಾಲಿಗೆ ಹಾಕಿಸಿದ್ದೇನೆ. ಹೋದ ವರ್ಷದಿಂದ ಎಲ್ಲ ಕಾಗದಗಳನ್ನೂ ಹಾಗೇ ಮಾಡಿದ್ದೇನೆ. ಕಾಗದದಿಂದ ಏನೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಆದರೂ ಇರಲಿ ಎಂದು.

ನಿನ್ನ ಅಣ್ಣನಿಗೆ ಬಂದದ್ದೇ ನನಗೂ ಬಂದಿದೆ.

ಹೊನ್ನಾವರಕ್ಕೆ ಬರದ ದಿನ ಇನ್ಸ್‌ಪೆಕ್ಟರು ಬಂದಿರಲಿಲ್ಲ, ಜ್ವರ ಬಂದಿತ್ತು. ನಿನ್ನ ಅಣ್ಣನ ವಿಷಯದ ಕಾಗದ ಕೈಸೇರಿದಾಗ ಕಫದಲ್ಲಿ ರಕ್ತ ಕಂಡು ನಾಲ್ಕು ದಿನವಾಗಿತ್ತು. ನೀನು ಬಿದಿರ ಕೋಲಿನಿಂದ ದೂಡಿದ್ದನ್ನು ಓದಿ ಕಾಗದ ಮಡಚಿಟ್ಟೆ. ಮಂಗಳೂರಿನಲ್ಲಿ ನನ್ನ ಎದೆಯ ಫೋಟೋ ತೆಗೆದರು. ಅಂಗಿ ಬಿಚ್ಚಿಸಿ ನಿಲ್ಲಿಸಿ, ನಾನು ಹೇಳುವ ಹಾಗೇ "ಉಸಿರು ಹಿಡೀರಿ" ಎಂದರು. ನನಗೆ ನಗು ಬಂತು. ಅವರದು ನೆಗೆಟಿವ್ ಮಾತ್ರ, ಪ್ರಿಂಟು ಹಾಕುವ ಕ್ರಮವೇ ಇಲ್ಲ! ಬಲಗಡೆ ಮೋಡದ ಹಾಗೆ ಇತ್ತು. ನೀನಾಗಿದ್ದರೆ ಪಟ್ಟಿ ಇಟ್ಟು ಮುಚ್ಚುತ್ತಿದ್ದೆ.

ಈಗ ಸೂಜಿ, ಗುಳಿಗೆ ನಡೆದಿದೆ. ನಿನ್ನ ಅಣ್ಣನ ಕಾಲದಲ್ಲಿ ಇಲ್ಲದ ಔಷಧಿ ಈಗಿದೆ, ಗುಣವಾಗುತ್ತದೆ ಎನ್ನುತ್ತಾರೆ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಊರವರು ಯಾರೂ ಒಳಗೆ ಬರುವುದಿಲ್ಲ, ಅವರನ್ನು ದೂರಿ ಏನು ಪ್ರಯೋಜನ. ಬೇಸಿಗೆಯಿಂದ ಮಳೆಗಾಲ ಮುಗಿಯುವ ತನಕ ಗೋಡೆ ನೋಡಿ ನೋಡಿ ಹುಚ್ಚು ಹಿಡಿಯುವ ಹಾಗಾಯಿತು. ಆಗ ದೇವಿಯೇ ಕ್ಯಾಮೆರಾ ತೆಗೆದುಕೊಂಡಳು. "ನೀವು ಹೋಗೂಕಾಗ್ದಿದ್ರೆ ಎಂತಾತು, ನಾ ತಕಂಡ್ ಬತ್ತೆ" ಎಂದಳು. ಕಿಟಕಿಯ ಹೊರಗೆ ನಿಂತು ಕಲಿತಳು. ಗುಂಡಿ ಒತ್ತುವಾಗ ಕೆನ್ನೆ ಉಬ್ಬಿಸಿ ಉಸಿರು ಹಿಡಿಯುತ್ತಾಳೆ. ಅದನ್ನು ನೋಡಿಯೇ ಮಾಸ್ತಮ್ಮ ಅಷ್ಟು ನಕ್ಕದ್ದು. ತಲೆಗೂದಲು ಬಿಚ್ಚಿ ಕೂತವಳು ಪಕ್ಕದ ಮನೆಯ ಸುಬ್ಬಿ, ನನ್ನ ಅಕ್ಕನ ವಾರಗೆಯವಳು. ನನ್ನ ಜೊತೆ ಮಾತಾಡದೆ ವರ್ಷವಾಯಿತು, ಚಿತ್ರದಲ್ಲಿ ನಗುತ್ತಾಳೆ. ಹೀಗೆ ನನ್ನ ಊರು ನಿನ್ನ ಪಾಕೀಟಿನೊಳಗೆ ಬರುತ್ತಿತ್ತು.

ನಿನ್ನ ಜನವರಿಯ ಕಾಗದ ಬಂದಾಗ ದೇವಿ, "ನಿಜ ಬರೀರಿ, ಅದೆಂತ ಹೆದ್ರಿಕೆ!" ಎಂದು ಜಗಳವಾಡಿದಳು. ಬರೆದರೆ ನೀನು ಪಾಕೀಟು ಮುಟ್ಟುವುದನ್ನೂ ಬಿಡುತ್ತೀಯ ಎಂದು ನನಗೆ ಖಾತ್ರಿಯಿತ್ತು. ಲಂಪಟ ಎಂದು ತಿಳಿದು ದೂರವಾದವನು ಒಂದು ದಿನ ಸಿಟ್ಟು ಇಳಿದು ವಾಪಸು ಬರಬಹುದು. ಕ್ಷಯ ಎಂದು ತಿಳಿದು ದೂರವಾದವನು ಬರುವುದಿಲ್ಲ. ಅದಕ್ಕೇ ಒಪ್ಪಿಕೊಂಡೆ.

ಈಗ ನೀನೇ ಕೇಳಿದೆ, ಹೇಳಿದೆ. ಉತ್ತರ ಬರೆಯದಿದ್ದರೂ ನಿನ್ನ ಮೇಲೆ ಬೇಸರವಿಲ್ಲ. ದೇವಿಯ ನೆರಳಿನ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದೇನೆ. ಅವಳು ನಾಚಿಕೊಂಡಳು.

ನಾಗಪತಿ


ಕಾಯ್ಕಿಣಿ, ೨೮-೫-೧೯೬೧

ರಮಾಕಾಂತ,

ಆರು ವಾರವಾಯಿತು. ನಿನ್ನಿಂದ ಕಾಗದವಿಲ್ಲ. ಒತ್ತಾಯ ಮಾಡುವುದಿಲ್ಲ ಎಂದಿದ್ದೆ, ಮಾಡುವುದೂ ಇಲ್ಲ.

ಆದರೆ ದೇವಿ ಒಂದು ರೋಲು ಮುಗಿಸಿದ್ದಾಳೆ. ಅದನ್ನು ಬೇರೆ ಯಾರಿಗೆ ಕಳಿಸಲಿ? ಡಬ್ಬಿಯನ್ನು ಎರಡು ದಿನ ಬಿಸಿಲಿಗೆ ಇಡಿಸಿದ್ದೇನೆ. ಅವಳ ಹೊರತು ಯಾರೂ ಮುಟ್ಟಿಲ್ಲ. ಮುಟ್ಟಲು ಮನಸ್ಸಾಗದಿದ್ದರೆ ಹಾಗೇ ವಾಪಸು ಕಳಿಸು.

ತೊಳೆಯುವುದಾದರೆ ಆರನೆಯ ಚಿತ್ರವನ್ನು ಸ್ವಲ್ಪ ಜಾಗ್ರತೆಯಾಗಿ ನೋಡು. ಈ ತಿಂಗಳ ಮೊದಲಲ್ಲಿ ಒಂದು ದಿನ ಮಧ್ಯಾಹ್ನ ಯಾರೋ ಒಬ್ಬರು ಬಂದು ನಮ್ಮ ದಣಪೆಯ ಹೊರಗೆ ಬಹಳ ಹೊತ್ತು ನಿಂತಿದ್ದರು. ಕೊಡೆ ಹಿಡಿದಿದ್ದರು. ಕರೆಯಲಿಲ್ಲ, ಒಳಗೆ ಬರಲಿಲ್ಲ, ಹಾಗೇ ಹೋಗಿಬಿಟ್ಟರು. ದೇವಿ ಜಗುಲಿಯಿಂದ ಒಂದು ಫೋಟೋ ತೆಗೆದಳು. ದಾರಿ ತಪ್ಪಿ ಬಂದವರೋ ಏನೋ. ಯಾರೆಂದು ತಿಳಿದರೆ ಬರೆ. ಇಲ್ಲಿ ಕೂತವನಿಗೆ ಇಂಥದ್ದೆಲ್ಲ ದೊಡ್ಡ ಕುತೂಹಲ.

ನಾಗಪತಿ


ಕುಮಟಾ, ೯-೬-೧೯೬೧

ನಾಗಪತಿ,

ಎಂಟೂ ಪ್ರಿಂಟುಗಳು ಇದರೊಳಗಿವೆ. ಆರನೆಯದೂ ಇದೆ.

ಆರನೆಯದನ್ನು ತೊಟ್ಟಿಯಲ್ಲಿ ಹಾಕಿ ಅಲ್ಲಾಡಿಸುತ್ತಿದ್ದಾಗ ಮೊದಲು ಕೊಡೆ ಮೂಡಿತು, ಆಮೇಲೆ ಕೋಟು, ಆಮೇಲೆ ದಣಪೆಯ ಗಳು ಹಿಡಿದ ಕೈ. ಭೂತಗನ್ನಡಿ ಬೇಕಾಗಲಿಲ್ಲ. ಮೂರು ದಿನ ಯೋಚಿಸಿದೆ. ಬೆಳಕು ಬಿದ್ದು ಆರನೆಯದು ಹಾಳಾಗಿದೆ ಎಂದು ಬರೆದರೆ ನಿಮಗೆ ತಿಳಿಯುವ ಹಾಗಿರಲಿಲ್ಲ. ಹಾಗೆ ಬರೆದ ಕಾಗದವೂ ಇಲ್ಲಿತ್ತು, ಇವತ್ತು ಬೆಳಿಗ್ಗೆ ಒಲೆಗೆ ಹಾಕಿದೆ.

ಅಲ್ಲಿ ನಿಂತವನು ನಾನು.

ನಿನ್ನ ಏಪ್ರಿಲ್ ಕಾಗದ ಓದಿದ ಕೂಡಲೇ ನಾನು ಮಾಡಿದ್ದು ಏನು ಗೊತ್ತೇ? ಸೋಪು ಹಾಕಿ ಕೈ ತೊಳೆದೆ. ಎರಡು ಸಲ. ತೊಳೆದ ಮೇಲೆ ಕೂತು ಅತ್ತೆ. ಕೋರ್ಟಿಗೆ ಬೇಸಿಗೆ ರಜೆ ಸಿಕ್ಕಿದ್ದೇ, ಮೇ ಎಂಟರಂದು ಎರಡು ಹೊಸ ರೋಲು ಕಟ್ಟಿಕೊಂಡು ಹೊರಟೆ. ಹೊಳೆ ದಾಟಿದೆ, ಬಸ್ಸು ಹತ್ತಿದೆ. ನಿಮ್ಮ ಊರಿನಲ್ಲಿ ಮೀನಿನ ಬುಟ್ಟಿ ಹೊತ್ತ ಒಬ್ಬಳು ದಾರಿ ತೋರಿಸಿ, "ಮಾಸ್ತರ ಮನಿಗಾ? ಒಳ್ಗೆ ಹೋಗ್ಬೇಡಿ, ಹೊರ್ಗಿಂದೇ ಮಾತಾಡ್ಸಿ ಬನ್ನಿ" ಎಂದಳು. ಅವಳು ಮಾಸ್ತಮ್ಮ ಎಂದು ನನಗೆ ಗೊತ್ತಿತ್ತು, ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ದಣಪೆಯ ಗಳು ಸರಿಸಲು ಕೈ ಇಟ್ಟೆ. ಆಗ ಒಳಗಿನಿಂದ ನೀನು ಕೆಮ್ಮಿದೆ. ಅದು ನಿನ್ನ ಕೆಮ್ಮು ಎಂದು ನನಗೆ ಕೇಳಿಸಲಿಲ್ಲ, ಅಣ್ಣನದು ಎಂದು ಕೇಳಿಸಿತು.

ಇದುವರೆಗೆ ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಆ ನಾಲ್ಕು ತಿಂಗಳಲ್ಲಿ ನಾನು ಅಣ್ಣನ ಕೋಣೆಯೊಳಗೆ ಒಂದು ಸಲವೂ ಹೋಗಲಿಲ್ಲ. ಹೊಸಿಲಿನಾಚೆ ನಿಂತು, ಹೇಗಿದ್ದೀ ಎಂದು ಕೇಳುತ್ತಿದ್ದೆ. ಕೊನೆಕೊನೆಗೆ ಅವನು, "ಒಳಗೆ ಬಾರೋ, ಹೊಸ ಫಿಲ್ಮು ಹೇಗೆ ಬಂದಿದೆ ತೋರಿಸೋ" ಎಂದು ಕರೆಯುತ್ತಿದ್ದ. ಫಿಲ್ಮನ್ನು ಹೊಸಿಲ ಮೇಲೆ ಇಟ್ಟು ಬರುತ್ತಿದ್ದೆ. ಕರೆದದ್ದು ಅವನು, ಹೋಗದವನು ನಾನು. ನಿನ್ನ ಮನೆಯ ಮುಂದೆಯೂ ಅದನ್ನೇ ಮಾಡಿದೆ. ರೋಲುಗಳನ್ನು ಇಟ್ಟು ಬರುವಷ್ಟು ಧೈರ್ಯವೂ ಆಗಲಿಲ್ಲ.

ಇಲ್ಲಿಯ ಡಾಕ್ಟರರನ್ನು ಕೇಳಿದೆ. ವರ್ಷದಿಂದ ಸೂಜಿ ತೆಗೆದುಕೊಂಡವನ ಹತ್ತಿರ ಕೂತು ಮಾತಾಡಿದರೆ ಏನೂ ಆಗುವುದಿಲ್ಲ ಎಂದರು. ಹೆದರಿಕೆ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ, ಹೋಗಿಲ್ಲ. ಹೆದರಿಕೊಂಡೇ ಬರುತ್ತೇನೆ. ಮಳೆ ಹಿಡಿದಿದ್ದರೂ ಲಾಂಚು ನಿಂತಿಲ್ಲ. ೧೮ನೇ ತಾರೀಕು, ಭಾನುವಾರ, ಹತ್ತು ಗಂಟೆಯೊಳಗೆ ಬರುತ್ತೇನೆ.

ಈ ಚಿತ್ರ ನೋಡಿದ ಮೇಲೆ ನಿನಗೆ ಬೇಡ ಎನಿಸಿದರೆ ಹಾಗೆಂದು ಬರೆ, ಬರುವುದಿಲ್ಲ. ಕೇಳಿಕೊಳ್ಳುವ ಮುಖ ನನಗಿಲ್ಲ.

ರಮಾಕಾಂತ


(ಕಾರ್ಡು) ಕಾಯ್ಕಿಣಿ, ೧೩-೬-೧೯೬೧

ರಮಾಕಾಂತ,

ಆರನೆಯದು ಬರದಿದ್ದರೆ ನಾನು ಕೇಳುತ್ತಿರಲಿಲ್ಲ.

ನನಗೂ ಹೇಳುವುದು ಒಂದಿದೆ. ಅವತ್ತು ಕಿಟಕಿಯಿಂದ ನಿನ್ನನ್ನು ನೋಡಿದೆ. ಬಾವಿಕಟ್ಟೆಯ ಒಡೆದ ಮೂಲೆಯನ್ನು ಹಳೆಯ ಪರಿಚಯದವನ ಹಾಗೆ ನೋಡುತ್ತ ನಿಂತಿದ್ದೆ. ಊರಿಗೆ ಹೊಸಬನಾದವನಿಗೆ ಅದರ ಗುರುತು ಇರುವುದು ಹೇಗೆ? ನೀನೇ ಎಂದು ಗೊತ್ತಾಯಿತು. ದೇವಿ, "ಕರೀಲಾ?" ಎಂದು ಕೇಳಿದಳು. ಬೇಡ ಎಂದೆ. ಕರೆದ ಮೇಲೂ ನೀನು ಬರದೆ ಹೋದರೆ ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಹೋಗುವವನ ಒಂದು ಫೋಟೋವಾದರೂ ಇರಲಿ ಎಂದು ತೆಗೆಸಿದೆ. ಆಮೇಲೆ ಯಾರೋ ಏನೋ ಎಂದು ನಿನಗೇ ಬರೆದೆ. ಹೆದರಿದವನು ನೀನೊಬ್ಬನೇ ಅಲ್ಲ ಮಾರಾಯ.

ಭಾನುವಾರ ದಣಪೆ ತೆಗೆದಿಟ್ಟಿರುತ್ತೇವೆ. ಅವತ್ತು ಕರೆಯಲಿಲ್ಲ, ಈಗ ಕರೆಯುತ್ತಿದ್ದೇನೆ. ಬಾ.

ನಾಗಪತಿ